‘ಜೆಎಫ್‌ಕೆ’ ಚಿತ್ರವನ್ನು ಕೆಲವರು ಅಷ್ಟು ಹೊಗಳಿದ್ದೇಕೆ, ಕೆಲವರು ಅಷ್ಟು ಬೈದಿದ್ದೇಕೆ?

1991ರ ಡಿಸೆಂಬರ್ 20ರಂದು ಆಲಿವರ್ ಸ್ಟೋನ್ ನಿರ್ದೇಶನದ ‘ಜೆಎಫ್‌ಕೆ’ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅಧ್ಯಕ್ಷ ಜಾನ್ ಎಫ್. ಕೆನಡಿ ಕೊಲೆಯ ಹಿಂದೆ ದೊಡ್ಡ ಸಂಚು ಇತ್ತು ಎನ್ನುವ ಚಿತ್ರ ಅದು. ಸ್ವಲ್ಪ ದಿನಕ್ಕೇ ಷಿಕಾಗೋದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಅವರಿಗೆ ವಾಲ್ಟರ್ ಕ್ರಾಂಕೈಟ್ ಎದುರಾದರು. ಕ್ರಾಂಕೈಟ್ ಅಂದರೆ ಸಾಮಾನ್ಯ ಪತ್ರಕರ್ತರಲ್ಲ. 1963ರ ನವೆಂಬರ್ 22ರಂದು ಸಿಬಿಎಸ್ ಟೀವಿಯಲ್ಲಿ ಕುಳಿತು, ಕನ್ನಡಕ ತೆಗೆದು, ಗಂಟಲು ಕಟ್ಟಿಕೊಂಡು, ಅಧ್ಯಕ್ಷ ಕೆನಡಿ ತೀರಿಹೋದರು ಎಂದು ದೇಶಕ್ಕೆಲ್ಲ ಹೇಳಿದವರು ಅವರೇ. ಈಬರ್ಟ್ ಸಿಕ್ಕಿದ ದಿನ ಅವರು ಸರಿಯಾಗಿ ಬೈದರು. ಈ ಚಿತ್ರದಲ್ಲಿ ನಿಜ ಅನ್ನುವುದು ಒಂದು ಚೂರೂ ಇಲ್ಲ, ಎಲ್ಲ ಕಟ್ಟುಕತೆ, ಇದನ್ನು ಹೊಗಳಿದ ನಿಮಗೆಲ್ಲ ನಾಚಿಕೆಯಾಗಬೇಕು ಎಂದರು. ಯಾಕೆಂದರೆ ಈಬರ್ಟ್ ಚಿತ್ರಕ್ಕೆ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದರು. ಆ ವರ್ಷದ ಅತ್ಯುತ್ತಮ ಚಿತ್ರ ಅಂತಲೂ ಕರೆದಿದ್ದರು.

ವರ್ಷಗಳ ನಂತರ ಈಬರ್ಟ್ ಈ ಮಾತುಕತೆಯನ್ನು ಬರೆದುಕೊಂಡರು. ಅವರ ಉತ್ತರ ಸರಳ. ಕ್ರಾಂಕೈಟ್ ತಮ್ಮ ಜಾಗದಲ್ಲಿ ನಿಂತು ಹೇಳಿದ್ದು ಸರಿಯೇ, ಆದರೆ ಅವರಿಗೆ ಬೇಕಾದದ್ದು ಸಂಗತಿಗಳು. ತಮ್ಮ ಕೆಲಸ ಬೇರೆ, ಆ ಕೊಲೆಯಿಂದ ಜನರ ಮನಸ್ಸಿನಲ್ಲಿ ಉಳಿದ ಭಯ, ಸಂಶಯ, ಸಿಟ್ಟು ತೆರೆಯ ಮೇಲೆ ಎಷ್ಟು ಬಂತು ಎಂದು ನೋಡುವುದು.

ಈ ಚಿತ್ರದ ಬಗ್ಗೆ ಬಂದ ವಿಮರ್ಶೆಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಘಟನೆಯಿಂದಲೇ ಶುರು ಮಾಡಬೇಕು. ಅಲ್ಲಿ ನಡೆದದ್ದು ಒಂದು ಜಗಳವಲ್ಲ, ಎರಡು. ಸಿನಿಮಾ ಹೇಗಿದೆ ಅನ್ನುವುದು ಒಂದು. ಅದು ಹೇಳುವುದು ನಿಜವೇ ಅನ್ನುವುದು ಇನ್ನೊಂದು. ಎರಡನ್ನೂ ಕಲಸಿದವರ ವಿಮರ್ಶೆ ಇವತ್ತು ಓದಿದರೆ ಹಳಸಿದೆ ಅನ್ನಿಸುತ್ತದೆ. ಬೇರೆ ಬೇರೆಯಾಗಿ ಹಿಡಿದು ನೋಡಿದವರದ್ದು ಈಗಲೂ ಉಪಯೋಗಕ್ಕೆ ಬರುತ್ತದೆ.

ಮೊದಲು ಹಿನ್ನೆಲೆ. ಕೆನಡಿ ಕೊಲೆಯಾದದ್ದು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ, ತೆರೆದ ಕಾರಿನಲ್ಲಿ ಮೆರವಣಿಗೆ ಹೋಗುವಾಗ. ರಸ್ತೆ ಪಕ್ಕದ ಶಾಲಾ ಪುಸ್ತಕಗಳ ಗೋದಾಮಿನ ಆರನೇ ಅಂತಸ್ತಿನಿಂದ ಗುಂಡು ಬಂತು ಎಂದು ಅಲ್ಲೇ ಕೆಲಸಕ್ಕಿದ್ದ ಲೀ ಹಾರ್ವೆ ಆಸ್ವಾಲ್ಡ್ ಎಂಬ 24 ವರ್ಷದವನನ್ನು ಅದೇ ದಿನ ಹಿಡಿದರು. ಎರಡು ದಿನಕ್ಕೆ, ಪೊಲೀಸ್ ಕಚೇರಿಯ ನೆಲಮಾಳಿಗೆಯಲ್ಲಿ, ಟೀವಿ ಕ್ಯಾಮೆರಾಗಳ ಮುಂದೆಯೇ, ಜಾಕ್ ರೂಬಿ ಎಂಬ ನೈಟ್‌ಕ್ಲಬ್ ಮಾಲೀಕ ಅವನನ್ನು ಗುಂಡಿಟ್ಟು ಕೊಂದ. ವಿಚಾರಣೆ ನಡೆಯಲೇ ಇಲ್ಲ. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ನೇತೃತ್ವದ ಆಯೋಗ 1964ರ ಸೆಪ್ಟೆಂಬರ್‌ನಲ್ಲಿ 888 ಪುಟದ ವರದಿ ಕೊಟ್ಟು, ಆಸ್ವಾಲ್ಡ್ ಒಬ್ಬನೇ ಮಾಡಿದ್ದು, ಯಾವ ಸಂಚಿಗೂ ಪುರಾವೆ ಸಿಗಲಿಲ್ಲ ಎಂದಿತು.

ಜನ ನಂಬಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಜನರ ತಲೆ ಕೆಡಿಸಿದ್ದು ಈ ಚಿತ್ರವೇ ಎಂದು ಬೈದವರು ಜಾಸ್ತಿ. 1976ರ ಗ್ಯಾಲಪ್ ಸಮೀಕ್ಷೆಯಲ್ಲೇ ಶೇಕಡಾ 81 ಮಂದಿ ಇದರ ಹಿಂದೆ ಬೇರೆಯವರೂ ಇದ್ದಾರೆ ಎಂದಿದ್ದರು. ಸಿನಿಮಾ ಬಂದದ್ದು ಅದಾಗಿ 15 ವರ್ಷಕ್ಕೆ. ಕೊಲೆಗೂ ಆ ಸಮೀಕ್ಷೆಗೂ ನಡುವೆ ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೇರೆ ದೇಶಗಳ ನಾಯಕರನ್ನು ಕೊಲ್ಲಿಸಲು ಯೋಜನೆ ಹಾಕಿದ್ದು ಸೆನೆಟ್ ಸಮಿತಿಯ ತನಿಖೆಯಲ್ಲಿ ಹೊರಬಿದ್ದದ್ದು, ಇವೆಲ್ಲ ಆಗಿದ್ದವು. 1979ರಲ್ಲಿ ಸಂಸತ್ತಿನ ಕೆಳಮನೆಯ ಸಮಿತಿಯೊಂದು ಕೂಡ, ಧ್ವನಿಮುದ್ರಣವೊಂದನ್ನು ನೆಚ್ಚಿಕೊಂಡು, ಬಹುಶಃ ಸಂಚು ಇತ್ತು ಎಂದೇ ಹೇಳಿತು. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಆ ಧ್ವನಿಯ ಪುರಾವೆ ನಿಲ್ಲುವುದಿಲ್ಲ ಎಂದರು. ಅಷ್ಟರಲ್ಲಿ ಸಂಶಯ ಬೇರು ಬಿಟ್ಟಿತ್ತು.

ಸ್ಟೋನ್ ಈ ಸಂಶಯಕ್ಕೆ ಒಬ್ಬ ನಾಯಕನನ್ನು ಹುಡುಕಿದರು. ಅವರಿಗೆ ಸಿಕ್ಕಿದ್ದು ಜಿಮ್ ಗ್ಯಾರಿಸನ್, ನ್ಯೂ ಆರ್ಲಿಯನ್ಸ್ ನಗರದ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಮೊಕದ್ದಮೆ ಹೂಡುವ ಮುಖ್ಯ ಸರ್ಕಾರಿ ವಕೀಲ. ಕೆನಡಿ ಕೊಲೆಗೆ ಸಂಬಂಧಿಸಿ ಒಬ್ಬನನ್ನು ಕೋರ್ಟಿನ ಕಟಕಟೆಗೆ ತಂದು ನಿಲ್ಲಿಸಿದ್ದು ಇವರೊಬ್ಬರೇ. 1967ರ ಮಾರ್ಚ್ 1ರಂದು ಕ್ಲೇ ಶಾ ಎಂಬ ಊರಿನ ಗಣ್ಯ ವ್ಯಾಪಾರಿಯನ್ನು ಬಂಧಿಸಿದರು. ಸರಿಯಾಗಿ ಎರಡು ವರ್ಷಕ್ಕೆ, 1969ರ ಮಾರ್ಚ್ 1ರಂದು, ಜೂರಿ ಒಂದು ಗಂಟೆಯೂ ಚರ್ಚೆ ಮಾಡದೆ ಶಾ ನಿರಪರಾಧಿ ಎಂದಿತು. ಗ್ಯಾರಿಸನ್ ಅಷ್ಟಕ್ಕೇ ಬಿಡಲಿಲ್ಲ, ಸುಳ್ಳು ಸಾಕ್ಷಿ ಹೇಳಿದ್ದಾರೆ ಎಂದು ಇನ್ನೊಂದು ಕೇಸು ಹಾಕಿದರು. 1971ರಲ್ಲಿ ಫೆಡರಲ್ ನ್ಯಾಯಾಧೀಶರು ಅದನ್ನು ತಡೆದರು. 1974ರಲ್ಲಿ ಶಾ ತೀರಿಹೋದರು. ಅಷ್ಟು ಹೊತ್ತಿಗೆ ಕೋರ್ಟು ಖರ್ಚಿಗೆ ಅವರ ಹಣವೆಲ್ಲ ಕರಗಿತ್ತು.

ಈ ಕೇಸನ್ನು ಆಗ ಹತ್ತಿರದಿಂದ ನೋಡಿದವರಿಗೆ ಗ್ಯಾರಿಸನ್ ಎಂದರೆ ಒಬ್ಬ ನಿರಪರಾಧಿಯ ಬದುಕು ಹಾಳು ಮಾಡಿದ ವಕೀಲ. ಅಂಥವರನ್ನು ಸ್ಟೋನ್ ಸತ್ಯಕ್ಕಾಗಿ ಒಂಟಿಯಾಗಿ ಹೋರಾಡುವ ವೀರನನ್ನಾಗಿ ಮಾಡುತ್ತಿದ್ದಾರೆ, ಅದೂ ಆಗಷ್ಟೇ ಆಸ್ಕರ್ ಗೆದ್ದು ಬಂದಿದ್ದ, ಮುಖ ನೋಡಿದರೇ ಪ್ರಾಮಾಣಿಕ ಅನ್ನಿಸುವ ಕೆವಿನ್ ಕಾಸ್ಟ್ನರ್‌ನ ಕೈಯಲ್ಲಿ ಆ ಪಾತ್ರ ಮಾಡಿಸಿ! ಸುದ್ದಿ ಕೇಳಿಯೇ ಅವರಿಗೆ ಮೈ ಉರಿಯಿತು.

ಹಾಗಾಗಿ ಬೈಗುಳ ಶುರುವಾದದ್ದು ಚಿತ್ರ ಬಂದ ಮೇಲಲ್ಲ, ಇನ್ನೂ ಶೂಟಿಂಗ್ ನಡೆಯುವಾಗಲೇ. 1991ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಪೋಸ್ಟ್‌ನ ಜಾರ್ಜ್ ಲಾರ್ಡ್ನರ್, ಹೊರಗೆ ಸಿಕ್ಕಿದ ಚಿತ್ರಕತೆಯ ಮೊದಲ ಕರಡನ್ನು ಇಟ್ಟುಕೊಂಡು, ಅದರಲ್ಲಿ ಎಲ್ಲೆಲ್ಲಿ ಸುಳ್ಳಿದೆ ಎಂದು ದೊಡ್ಡ ಲೇಖನ ಬರೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗಾಯಿತಲ್ಲ ಎಂದು ಸ್ಟೋನ್ ಕಡೆಯವರಿಗೆ ಕೋಪ ಬಂತು. ಆ ಕೋಪದಲ್ಲಿ ನ್ಯಾಯವೂ ಇತ್ತು, ಕರಡು ನಂತರ ಬದಲಾಗಿತ್ತು. ಸ್ಟೋನ್ ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು.

ಆದರೆ ಲಾರ್ಡ್ನರ್ ಯಾರು ಅಂತ ಗೊತ್ತಾದರೆ ಆ ಲೇಖನ ಬೇರೆಯೇ ರೀತಿ ಓದಿಸಿಕೊಳ್ಳುತ್ತದೆ. ಗ್ಯಾರಿಸನ್‌ರ ಮೊದಲ ಗುರಿ ಡೇವಿಡ್ ಫೆರ್ರಿ ಎಂಬ ಪೈಲಟ್. ಶಾ ಬಂಧನಕ್ಕೆ ಒಂದು ವಾರ ಮೊದಲು, 1967ರ ಫೆಬ್ರವರಿ 22ರಂದು, ಫೆರ್ರಿ ತಮ್ಮ ಮನೆಯಲ್ಲಿ ಸತ್ತು ಬಿದ್ದಿದ್ದರು. ಮೆದುಳಿನ ರಕ್ತನಾಳ ಒಡೆದು ಸತ್ತದ್ದು ಎಂದು ವೈದ್ಯರು ಹೇಳಿದರು. ಚಿತ್ರದಲ್ಲಿ ಯಾರೋ ಹಿಡಿದು ಬಾಯಿಗೆ ಮಾತ್ರೆ ತುರುಕುವ ದೃಶ್ಯ ಮಿಂಚಿ ಮಾಯವಾಗುತ್ತದೆ. ಆ ರಾತ್ರಿ ಬೆಳಗಿನ ಜಾವ ನಾಲ್ಕರ ತನಕ ಫೆರ್ರಿ ಮನೆಯಲ್ಲಿ ಕುಳಿತು ಅವರ ಸಂದರ್ಶನ ಮಾಡುತ್ತಿದ್ದ ಪತ್ರಕರ್ತ ಇದೇ ಲಾರ್ಡ್ನರ್. ಫೆರ್ರಿಯನ್ನು ಜೀವಂತವಾಗಿ ಕಂಡವರಲ್ಲಿ ಕೊನೆಯವರು ಬಹುಶಃ ಅವರೇ. ಅಂಥ ಮನುಷ್ಯ, ಸಂಚು ಮಾಡಿದ್ದನ್ನು ಫೆರ್ರಿ ಹೋಟೆಲ್ ರೂಮಿನಲ್ಲಿ ಒದರಿಬಿಡುವ ದೃಶ್ಯ ನೋಡಿ ಸುಮ್ಮನೆ ಹೇಗಿರುತ್ತಾರೆ? ಅಂಥ ತಪ್ಪೊಪ್ಪಿಗೆ ನಡೆದಿದ್ದೇ ಇಲ್ಲ. ಇದು ಸಿನಿಮಾ ವಿಮರ್ಶೆಯಲ್ಲ ಅನ್ನುವುದು ಸರಿ, ಆದರೆ ಇದು ಹೊಟ್ಟೆಕಿಚ್ಚೂ ಅಲ್ಲ. ಕಣ್ಣಾರೆ ಕಂಡವರ ತಕರಾರು.

ಬಿಡುಗಡೆ ಹೊತ್ತಿಗೆ ಗಲಾಟೆ ತಾರಕಕ್ಕೇರಿತ್ತು. ನ್ಯೂಸ್‌ವೀಕ್ ವಾರಪತ್ರಿಕೆ ಈ ಚಿತ್ರವನ್ನು ಯಾಕೆ ನಂಬಬಾರದು ಎಂದು ಮುಖಪುಟದಲ್ಲೇ ಹಾಕಿತು. ಅದೇ ಪತ್ರಿಕೆಯ ಸಿನಿಮಾ ವಿಮರ್ಶಕ ಡೇವಿಡ್ ಆನ್ಸನ್ ಮಾತ್ರ ಚಿತ್ರವನ್ನು ಮೆಚ್ಚಿದರು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವಿನ್ಸೆಂಟ್ ಕ್ಯಾನ್‌ಬಿ ಬರೆದ ವಿಮರ್ಶೆಯ ತಲೆಬರಹವೇ, ಎಲ್ಲವೂ ಸೇರಿ ಏನೂ ಆಗದಿದ್ದಾಗ ಅನ್ನುವ ಅರ್ಥದ್ದು. ಅಂಕಣಕಾರ ಜಾರ್ಜ್ ವಿಲ್ ಇದು ಕೆಟ್ಟ ಇತಿಹಾಸ ಮಾತ್ರವಲ್ಲ, ಕೆಟ್ಟ ಪೌರತನವೂ ಹೌದು ಎಂದರು. ವಾಷಿಂಗ್ಟನ್‌ನ ಒಂದು ಮಾಸಪತ್ರಿಕೆಯಲ್ಲಿ ಪ್ಯಾಟ್ ಡೊವೆಲ್ ಎಂಬ ವಿಮರ್ಶಕಿ ಚಿತ್ರದ ಬಗ್ಗೆ ಒಳ್ಳೆಯ ಮಾತು ಬರೆದರು, ಸಂಪಾದಕರು ಅದನ್ನು ಹಾಕಲು ಒಪ್ಪಲಿಲ್ಲ, ಅವರು ಕೆಲಸವನ್ನೇ ಬಿಟ್ಟರು. ಒಂದು ಸಿನಿಮಾ ಚೆನ್ನಾಗಿದೆ ಅಂದಿದ್ದಕ್ಕೆ! ಪತ್ರಿಕೆಗಳ ದೊಡ್ಡವರಿಗೆ ಈ ಚಿತ್ರ ಎಷ್ಟು ನೋವು ಮಾಡಿತ್ತು ಅನ್ನುವುದು ಇಲ್ಲಿ ಕಾಣುತ್ತದೆ. ಅದಕ್ಕೆ ಕಾರಣವೂ ಇದೆ. ವಾರೆನ್ ವರದಿಯನ್ನು ಹೆಚ್ಚು ಪ್ರಶ್ನೆ ಕೇಳದೆ ಒಪ್ಪಿಕೊಂಡ ಪತ್ರಕರ್ತರ ತಲೆಮಾರೇ ಈಗ ಸಂಪಾದಕರ ಕುರ್ಚಿಯಲ್ಲಿತ್ತು. ನೀವು ನಿಮ್ಮ ಕೆಲಸ ಮಾಡಲಿಲ್ಲ ಎಂದು ಚಿತ್ರ ಅವರ ಮುಖಕ್ಕೇ ಹೇಳುತ್ತಿತ್ತು.

ಜಾಕ್ ವ್ಯಾಲೆಂಟಿ ಕತೆ ಇನ್ನೂ ಬೇರೆ. ಅವರು ಆಗ ಹಾಲಿವುಡ್ ಸ್ಟುಡಿಯೋಗಳ ಸಂಘದ ಅಧ್ಯಕ್ಷರು, ಅಂದರೆ ಚಿತ್ರರಂಗದ ಪರವಾಗಿ ಮಾತಾಡಬೇಕಾದವರು. 1992ರ ಆಸ್ಕರ್ ಮುಗಿಯುವ ತನಕ ಬಾಯಿ ಬಿಗಿಹಿಡಿದು, ಆಮೇಲೆ ಈ ಚಿತ್ರವನ್ನು ಹಿಟ್ಲರನ ಕಾಲದ ನಾಜಿ ಪ್ರಚಾರಚಿತ್ರಕ್ಕೆ ಹೋಲಿಸಿದರು. ಅತಿಯಾದ ಮಾತು. ಆದರೆ ಕೆನಡಿ ಸತ್ತ ದಿನ ವಿಮಾನದೊಳಗೆ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿ ಪ್ರಮಾಣವಚನ ಮಾಡುವ ಆ ಪ್ರಸಿದ್ಧ ಫೋಟೋದಲ್ಲಿ ವ್ಯಾಲೆಂಟಿ ಇದ್ದಾರೆ. ಜಾನ್ಸನ್‌ರ ಆಪ್ತ ಸಹಾಯಕರಾಗಿದ್ದವರು ಅವರು. ಚಿತ್ರ ಅದೇ ಜಾನ್ಸನ್ ಕಡೆಗೂ ಬೆರಳು ತೋರಿಸುತ್ತದೆ.

ಇನ್ನು ಚಿತ್ರಕ್ಕೇ ಬರೋಣ. ಇಷ್ಟೊಂದು ಗಲಾಟೆ ಎಬ್ಬಿಸಲು ಅದರಲ್ಲಿ ಏನಿತ್ತು? ಕತೆಗಿಂತ ಹೆಚ್ಚಾಗಿ ಅದರ ಕಟ್ಟುವ ಬಗೆ. 189 ನಿಮಿಷದ ಚಿತ್ರ. ಅಷ್ಟು ಹೊತ್ತು ಬರೀ ಮಾತು, ಹೆಸರು, ದಿನಾಂಕ, ಕಾಗದ. ಆದರೂ ಕಣ್ಣು ತೆಗೆಯಲು ಆಗುವುದಿಲ್ಲ. ಛಾಯಾಗ್ರಾಹಕ ರಾಬರ್ಟ್ ರಿಚರ್ಡ್‌ಸನ್ 35 ಎಂಎಂ, 16 ಎಂಎಂ, 8 ಎಂಎಂ, ಬಣ್ಣ, ಕಪ್ಪುಬಿಳುಪು ಎಲ್ಲವನ್ನೂ ಬಳಸಿದರು. ಸಂಕಲನಕಾರರಾದ ಜೋ ಹಟ್‌ಶಿಂಗ್ ಮತ್ತು ಪಿಯೆತ್ರೊ ಸ್ಕಾಲಿಯಾ ಅವನ್ನು ಕ್ಷಣಕ್ಕೊಂದರಂತೆ ಹೆಣೆದರು. ಎಂಟು ಆಸ್ಕರ್ ನಾಮನಿರ್ದೇಶನದಲ್ಲಿ ಚಿತ್ರ ಗೆದ್ದದ್ದು ಎರಡು, ಅವೆರಡೂ ಈ ಕೆಲಸಕ್ಕೇ, ಛಾಯಾಗ್ರಹಣ ಮತ್ತು ಸಂಕಲನಕ್ಕೆ.

ಇದರಿಂದ ಏನಾಗುತ್ತದೆ ಅಂದರೆ, 1963ರ ನಿಜವಾದ ಸುದ್ದಿ ತುಣುಕು ಒಂದು ಬರುತ್ತದೆ. ಅದರ ಪಕ್ಕಕ್ಕೇ ಸ್ಟೋನ್ 1991ರಲ್ಲಿ ತೆಗೆದ, ಅದೇ ರೀತಿ ಮಸುಕಾದ, ಅಲ್ಲಾಡುವ ಕಪ್ಪುಬಿಳುಪು ತುಣುಕು ಬರುತ್ತದೆ. ಎರಡೂ ಒಂದೇ ತರ ಕಾಣುತ್ತವೆ. ಒಬ್ಬ ಪಾತ್ರಧಾರಿ, ಹೀಗೂ ನಡೆದಿರಬಹುದು ಅನ್ನುತ್ತಾನೆ. ಕಿವಿಗೆ ‘ಇರಬಹುದು’ ಕೇಳುತ್ತದೆ, ಕಣ್ಣಿಗೆ ‘ಆಯಿತು’ ಕಾಣುತ್ತದೆ. ಮನೆಗೆ ಹೋಗುವ ಹೊತ್ತಿಗೆ ನೆನಪಿನಲ್ಲಿ ಉಳಿಯುವುದು ಕಣ್ಣು ಕಂಡದ್ದು, ಅಲ್ವಾ? ಮೆಚ್ಚಿದವರು ಇದನ್ನು ಹೊಸ ಸಿನಿಮಾ ಭಾಷೆ ಎಂದರು. ಬೈದವರು ಇದನ್ನೇ ಮೋಸ ಎಂದರು. ಇಬ್ಬರೂ ಬೊಟ್ಟು ಮಾಡಿದ್ದು ಒಂದೇ ಜಾಗಕ್ಕೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ನಾನು ಕಾಲೇಜಿನಲ್ಲಿದ್ದಾಗ ಅಣ್ಣ ಬಾಡಿಗೆಗೆ ತಂದ ಡಿವಿಡಿಯಲ್ಲಿ ಈ ಚಿತ್ರ ಮೊದಲ ಸಲ ನೋಡಿದೆ. ಕೋರ್ಟಿನ ದೃಶ್ಯದಲ್ಲಿ ಗ್ಯಾರಿಸನ್ ಪಾತ್ರಧಾರಿ ಆ ‘ಮಾಯಾ ಗುಂಡಿನ’ ವಿವರಣೆ ಕೊಡುತ್ತಾನೆ. ವಾರೆನ್ ಆಯೋಗದ ಪ್ರಕಾರ ಒಂದೇ ಗುಂಡು ಕೆನಡಿಯ ಬೆನ್ನಿನ ಮೇಲ್ಭಾಗದಲ್ಲಿ ಹೊಕ್ಕು, ಗಂಟಲಿನಿಂದ ಹೊರಬಂದು, ಮುಂದಿನ ಸೀಟಿನಲ್ಲಿದ್ದ ಗವರ್ನರ್ ಜಾನ್ ಕೊನಾಲಿಯ ಬೆನ್ನಿಗೆ ಹೊಕ್ಕು, ಎದೆಯಿಂದ ಹೊರಬಂದು, ಬಲ ಮಣಿಕಟ್ಟು ಸೀಳಿ, ಎಡ ತೊಡೆಗೆ ತಾಗಿತು. ಒಂದು ಗುಂಡು, ಇಬ್ಬರ ಮೈಯಲ್ಲಿ ಏಳು ಗಾಯ. ಆ ಗುಂಡು ಆಸ್ಪತ್ರೆಯ ಸ್ಟ್ರೆಚರ್ ಮೇಲೆ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತು. ಚಿತ್ರದಲ್ಲಿ ಇಬ್ಬರನ್ನು ಒಬ್ಬರ ಹಿಂದೆ ಒಬ್ಬರಂತೆ ಕೂರಿಸಿ, ಕೋಲು ಹಿಡಿದು ತೋರಿಸುತ್ತಾರೆ. ಗುಂಡು ಬಲಕ್ಕೆ ತಿರುಗಬೇಕು, ಎಡಕ್ಕೆ ತಿರುಗಬೇಕು, ಗಾಳಿಯಲ್ಲಿ ನಿಲ್ಲಬೇಕು. ಕೋರ್ಟಿನಲ್ಲಿ ಕೂತವರು ನಗುತ್ತಾರೆ. ನಾವಿಬ್ಬರೂ ನಕ್ಕೆವು. ಅವತ್ತು ಸಂಚು ಇತ್ತು ಅನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ಬಹಳ ವರ್ಷದ ಮೇಲೆ ಆ ಕಾರಿನ ವಿವರ ಓದಿದೆ. ಕೊನಾಲಿ ಕುಳಿತದ್ದು ಮಾಮೂಲಿ ಸೀಟಿನಲ್ಲಲ್ಲ, ನಡುವೆ ಹಾಕಿದ್ದ ಮಡಚುವ ಸೀಟಿನಲ್ಲಿ. ಅದು ಕೆನಡಿಯ ಸೀಟಿಗಿಂತ ಕೆಳಗೆ, ಬಾಗಿಲಿನಿಂದ ಒಳಕ್ಕೆ ಸರಿದು ಇತ್ತು. ಮೇಲಾಗಿ ಅವರು ಆ ಹೊತ್ತಿಗೆ ಬಲಕ್ಕೆ ತಿರುಗಿದ್ದರು. ಕಾಗದದ ಮೇಲೆ ಎರಡು ಚೌಕ ಬರೆದು, ಮುಂದಿನದ್ದನ್ನು ಸ್ವಲ್ಪ ಎಡಕ್ಕೆ ಜರುಗಿಸಿ, ಹಿಂದಿನಿಂದ ಬಲಮೂಲೆಯ ಕಟ್ಟಡದ ಕಡೆಯಿಂದ ಒಂದು ಗೆರೆ ಎಳೆದು ನೋಡಿ. ಗುಂಡು ಎಲ್ಲೂ ತಿರುಗಬೇಕಾಗಿಲ್ಲ. ನೇರ ಹೋಗುತ್ತದೆ. ಚಿತ್ರದ ಅತಿ ದೊಡ್ಡ ಸಾಕ್ಷ್ಯ ನಿಂತಿದ್ದದ್ದು ಕೂರಿಸಿದ ಜಾಗದ ಮೇಲೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ ನಮ್ಮ ಹಿರಿಯರು, ಆ ಕಾಗದದ ಮುಂದೆ ಕೂತಾಗ ನನಗೆ ಅದು ಮೊದಲ ಸಲ ಸರಿಯಾಗಿ ಅರ್ಥವಾಯಿತು.

ಹಾಗಂತ ಆ ಸಂಶಯ ಸ್ಟೋನ್ ತಲೆಯಿಂದ ಹುಟ್ಟಿದ್ದಲ್ಲ. ಸ್ವತಃ ಕೊನಾಲಿ, ತಮಗೆ ತಗುಲಿದ್ದು ಬೇರೆ ಗುಂಡು ಎಂದೇ ಸಾಯುವ ತನಕ ಹೇಳಿದರು. ಆಯೋಗದ ಸದಸ್ಯರಾಗಿದ್ದ ಸೆನೆಟರ್ ರಿಚರ್ಡ್ ರಸೆಲ್ ಅವರಿಗೂ ಒಂದೇ ಗುಂಡಿನ ವಾದ ಒಪ್ಪಿಗೆಯಾಗಿರಲಿಲ್ಲ. ಇವನ್ನೆಲ್ಲ ಹೇಳದೆ ಚಿತ್ರವನ್ನು ಬರೀ ಹುಚ್ಚು ಕಲ್ಪನೆ ಎಂದು ತಳ್ಳಿದ ವಿಮರ್ಶಕರೂ ಅರ್ಧ ಸತ್ಯವನ್ನೇ ಹೇಳಿದರು.

ಇನ್ನೊಂದು, ಅಬ್ರಹಾಂ ಜಪ್ರೂಡರ್ ಎಂಬ ಬಟ್ಟೆ ವ್ಯಾಪಾರಿ ತಮ್ಮ ಮನೆಬಳಕೆಯ ಕ್ಯಾಮೆರಾದಲ್ಲಿ ತೆಗೆದ 26 ಸೆಕೆಂಡಿನ ಚಿತ್ರ. ಅಮೆರಿಕದ ಜನ ಅದನ್ನು ಟೀವಿಯಲ್ಲಿ ಚಲಿಸುವ ಚಿತ್ರವಾಗಿ ನೋಡಿದ್ದು 1975ರಲ್ಲಿ, ಕೊಲೆಯಾದ 12 ವರ್ಷದ ಮೇಲೆ. ಕೊನೆಯ ಗುಂಡು ತಗುಲಿದಾಗ ಕೆನಡಿಯ ತಲೆ ಹಿಂದಕ್ಕೆ, ಎಡಕ್ಕೆ ವಾಲುತ್ತದೆ. ಸ್ಟೋನ್ ಅದನ್ನು ದೊಡ್ಡ ತೆರೆಯ ಮೇಲೆ ಮತ್ತೆ ಮತ್ತೆ ತೋರಿಸಿ, ಗುಂಡು ಮುಂದಿನಿಂದಲೇ ಬಂದಿರಬೇಕು ಅನ್ನಿಸುವಂತೆ ಮಾಡಿದರು. ನೊಬೆಲ್ ಪಡೆದ ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್ ಇದನ್ನು ಪರೀಕ್ಷೆ ಮಾಡಿ 1976ರಲ್ಲೇ ಪ್ರಕಟಿಸಿದ್ದರು. ಕರಬೂಜ ಹಣ್ಣುಗಳಿಗೆ ಗಟ್ಟಿ ಟೇಪು ಸುತ್ತಿ ಬಂದೂಕಿನಿಂದ ಹೊಡೆಸಿದಾಗ, ಒಳಗಿನ ತಿರುಳು ಮುಂದಕ್ಕೆ ಚಿಮ್ಮಿ, ಹಣ್ಣು ಗುಂಡು ಬಂದ ದಿಕ್ಕಿಗೇ ಹಿಂದಕ್ಕೆ ಹಾರಿತು. ಅಂದರೆ ಗುಂಡು ಹಿಂದಿನಿಂದ ಬಂದರೂ ತಲೆ ಹಿಂದಕ್ಕೆ ವಾಲಬಹುದು. ಇದನ್ನು ಕೇಳಿದರೆ ಅರ್ಥವಾಗುತ್ತದೆ, ಆದರೆ ಆ ಚಿತ್ರದ ಮುಂದೆ ಕರಬೂಜದ ಮಾತು ನಿಲ್ಲುವುದಿಲ್ಲ. ಒಂದು ಸಾವನ್ನು ಅಷ್ಟು ಹತ್ತಿರದಿಂದ ಕಂಡ ಮೇಲೆ ಲೆಕ್ಕ ಕೇಳುವ ಮನಸ್ಸು ಯಾರಿಗಿರುತ್ತದೆ?

ಚಿತ್ರ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದು ನನಗೆ ಜಾಸ್ತಿ ಚುಚ್ಚುತ್ತದೆ. ಶಾ ವಿರುದ್ಧ ಗ್ಯಾರಿಸನ್‌ರ ಮುಖ್ಯ ಸಾಕ್ಷಿ ಪೆರ್ರಿ ರೂಸೊ. ಅವರ ಹೇಳಿಕೆ ಪಡೆಯುವಾಗ ಸೋಡಿಯಂ ಪೆಂಟೊಥಾಲ್, ಅಂದರೆ ನಿಜ ಹೇಳಿಸುತ್ತದೆ ಎಂದು ನಂಬಿದ್ದ ಮಂಪರು ಔಷಧಿ ಕೊಟ್ಟಿದ್ದರು, ಸಮ್ಮೋಹನಕ್ಕೂ ಒಳಪಡಿಸಿದ್ದರು. ಚಿತ್ರದಲ್ಲಿ ರೂಸೊ ಎಂಬ ಪಾತ್ರ ಇಲ್ಲ, ಔಷಧಿಯೂ ಇಲ್ಲ. ಅವರ ಬದಲು ವಿಲ್ಲಿ ಓ’ಕೀಫ್ ಎಂಬ ಕಲ್ಪಿತ ಪಾತ್ರ ಬಂದು ಎಲ್ಲವನ್ನೂ ನೇರವಾಗಿ ಹೇಳುತ್ತದೆ. ವಾಷಿಂಗ್ಟನ್‌ನ ಬೆಂಚಿನ ಮೇಲೆ ಕೂತು ಇಡೀ ಸಂಚನ್ನು ಬಿಡಿಸಿಡುವ ‘ಎಕ್ಸ್’ ಎಂಬ ಅಧಿಕಾರಿಯ ಪಾತ್ರಕ್ಕೆ ಫ್ಲೆಚರ್ ಪ್ರೌಟಿ ಎಂಬ ನಿವೃತ್ತ ವಾಯುಪಡೆ ಅಧಿಕಾರಿ ಆಧಾರ. ವಿಚಾರಣೆಗೆ ಮುಂಚೆ ಅವರು ಗ್ಯಾರಿಸನ್‌ರನ್ನು ಭೇಟಿಯಾಗಿರಲೇ ಇಲ್ಲ. ನಿಜವಾದ ವಿಚಾರಣೆಯಲ್ಲಿ ಗ್ಯಾರಿಸನ್ ಬಹಳಷ್ಟು ದಿನ ಕೋರ್ಟಿನಲ್ಲೇ ಇರಲಿಲ್ಲ, ಸಹಾಯಕರೇ ನಡೆಸಿದರು. ಚಿತ್ರದ ಕೊನೆಯಲ್ಲಿ ಮಾಜಿ ಸಿಐಎ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಹೇಳಿಕೆ ಆಧರಿಸಿ, ಶಾ ಸಿಐಎಗೆ ಕೆಲಸ ಮಾಡಿದ್ದರು ಎಂಬ ಅರ್ಥದ ಸಾಲು ಬರುತ್ತದೆ. ಶಾ ವಿದೇಶ ಪ್ರವಾಸ ಮಾಡುವ ವ್ಯಾಪಾರಿ. ಅಂಥ ಬಹಳ ಜನ ಊರಿಗೆ ಮರಳಿದ ಮೇಲೆ, ಅಲ್ಲಿ ಕಂಡದ್ದನ್ನು ಸಿಐಎಯ ದೇಶೀಯ ಸಂಪರ್ಕ ವಿಭಾಗಕ್ಕೆ ಹೇಳುತ್ತಿದ್ದರು. ಶಾ ಅವರ ಸಂಬಂಧವೂ ಆ ಬಗೆಯದು. ಸಾಲು ಪೂರ್ತಿ ಸುಳ್ಳಲ್ಲ, ಆದರೆ ಓದುವವರ ಮನಸ್ಸಿನಲ್ಲಿ ಮೂಡುವ ಚಿತ್ರ ಸುಳ್ಳು. ತೀರಿಹೋದವರು ಬಂದು ಉತ್ತರ ಕೊಡಲಾರರು. ಈ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಶಾ ಕಡೆಗಿದೆ.

ಇದರ ಜೊತೆ ಇನ್ನೊಂದು ಆಕ್ಷೇಪ ಬಂತು, ಅದನ್ನು ಆಗ ಎಲ್ಲರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾ, ಫೆರ್ರಿ, ಓ’ಕೀಫ್, ಮೂವರೂ ಚಿತ್ರದಲ್ಲಿ ಸಲಿಂಗಿಗಳು. ಅವರ ಪಾರ್ಟಿ, ವೇಷ, ಬಣ್ಣ ಬಳಿದ ಮುಖ ಎಲ್ಲವನ್ನೂ ಅಸಹ್ಯ ಹುಟ್ಟುವಂತೆ ತೋರಿಸಿ, ಎದುರಿಗೆ ಗ್ಯಾರಿಸನ್‌ರ ಹೆಂಡತಿ ಮಕ್ಕಳ ಚೊಕ್ಕ ಸಂಸಾರವನ್ನು ಇಟ್ಟಿದ್ದಾರೆ. ಅವರ ಮೇಲಿನ ಅಸಹ್ಯವೇ ಅವರ ಮೇಲಿನ ಸಂಶಯವಾಗುತ್ತದೆ. ಇವತ್ತು ನೋಡಿದರೆ ಆ ಭಾಗ ಕೂರಲಾಗದಷ್ಟು ಕಸಿವಿಸಿ ಮಾಡುತ್ತದೆ.

ಟೀಕೆ ಸರ್ಕಾರದ ಪರ ಇದ್ದವರಿಂದ ಮಾತ್ರ ಬಂತು ಅಂದುಕೊಳ್ಳಬೇಡಿ. ಚಿತ್ರದ ಮೂಲ ವಾದ ಏನು? ಕೆನಡಿ ವಿಯೆಟ್ನಾಂನಿಂದ ಸೈನ್ಯ ವಾಪಸ್ ಕರೆಸಲು ಹೊರಟಿದ್ದರು, ಯುದ್ಧದಿಂದ ಲಾಭ ಇದ್ದವರು ಅವರನ್ನು ಮುಗಿಸಿದರು. ಇದಕ್ಕೆ ಒಂದು ಕಾಗದದ ಆಧಾರವೂ ಇದೆ, 1963ರ ಅಕ್ಟೋಬರ್‌ನ ಆದೇಶವೊಂದು ವರ್ಷದ ಕೊನೆಗೆ 1,000 ಸೈನಿಕರನ್ನು ವಾಪಸ್ ಕರೆಸುವ ಮಾತಾಡುತ್ತದೆ. ಆದರೆ ಎಡಪಂಥದ ನೋಮ್ ಚಾಮ್‌ಸ್ಕಿ ಇದನ್ನು ಒಪ್ಪದೆ ಒಂದು ಪುಸ್ತಕವನ್ನೇ ಬರೆದರು. ವಾಪಸಾತಿ ಅನ್ನುವುದು ಯುದ್ಧ ಗೆಲ್ಲುತ್ತೇವೆ ಎಂಬ ಲೆಕ್ಕದ ಮೇಲೆ ನಿಂತಿತ್ತು, ಕೆನಡಿಯೇನೂ ಶಾಂತಿದೂತರಲ್ಲ ಅನ್ನುವುದು ಅವರ ವಾದ. ಈ ಟೀಕೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಒಳ್ಳೆಯ ರಾಜನನ್ನು ಕೆಟ್ಟವರು ಸೇರಿ ಕೊಂದರು, ಅಂದಿನಿಂದ ರಾಜ್ಯ ಹಾಳಾಯಿತು ಅನ್ನುವ ಹಳೆಯ ಕತೆಯ ಅಚ್ಚಿಗೆ ಚಿತ್ರ ಒಂದು ದೇಶದ ರಾಜಕೀಯವನ್ನೆಲ್ಲ ಸುರಿದುಬಿಡುತ್ತದೆ. ಅದಕ್ಕೇ ಅದು ಅಷ್ಟು ತಟ್ಟುತ್ತದೆ ಕೂಡ.

ಎರಡು ಜಗಳವನ್ನೂ ಬಿಡಿಸಿ ನೋಡಲು ಪ್ರಯತ್ನಿಸಿದವರಲ್ಲಿ ಇತಿಹಾಸಕಾರರೂ ಇದ್ದರು. ಅಮೆರಿಕದ ಇತಿಹಾಸಕಾರರ ಮುಖ್ಯ ಪತ್ರಿಕೆ 1992ರ ಏಪ್ರಿಲ್‌ನಲ್ಲಿ ಒಂದು ಚರ್ಚೆಯನ್ನೇ ಈ ಚಿತ್ರಕ್ಕೆ ಮೀಸಲಿಟ್ಟಿತು. ಅದರಲ್ಲಿ ರಾಬರ್ಟ್ ರೋಸನ್‌ಸ್ಟೋನ್ ಎತ್ತಿದ ಪ್ರಶ್ನೆ, ಪುಸ್ತಕವನ್ನು ಅಳೆಯುವ ಅಳತೆಯಲ್ಲೇ ಸಿನಿಮಾವನ್ನೂ ಅಳೆಯಬೇಕೇ ಅನ್ನುವುದು. ಸಿನಿಮಾ ಒಂದು ಮುಖ, ಒಂದು ಕೋಣೆ, ಒಂದು ಮಾತುಕತೆ ಇಲ್ಲದೆ ಏನನ್ನೂ ಹೇಳಲಾರದು, ಹಾಗಾಗಿ ಕಲ್ಪನೆ ಬೇಕೇ ಬೇಕು. ಸ್ಟೋನ್ ಕೂಡ ತಮ್ಮ ಚಿತ್ರ ವಾರೆನ್ ವರದಿ ಎಂಬ ಪುರಾಣಕ್ಕೆ ಎದುರು ನಿಲ್ಲಿಸಿದ ಇನ್ನೊಂದು ಪುರಾಣ ಎಂದರು. ಒಪ್ಪುವ ಮಾತೇ, ಆದರೆ ಪುರಾಣ ಅಂದವರು ಅದೇ ಉಸಿರಿನಲ್ಲಿ ದಾಖಲೆ ಇದೆ ಎಂದೂ ವಾದಿಸಿದರು. ಟಿಪ್ಪಣಿಗಳ ಸಮೇತ ಚಿತ್ರಕತೆಯನ್ನು ಅಚ್ಚು ಹಾಕಿಸಿದರು. ಅದರಲ್ಲಿ ತಮ್ಮನ್ನು ಬೈದ ಲೇಖನಗಳನ್ನೂ ಸೇರಿಸಿದರು, ಅದನ್ನು ಮೆಚ್ಚಲೇಬೇಕು.

ಮುಂದೆ ನಡೆದದ್ದನ್ನು ಯಾವ ವಿಮರ್ಶಕರೂ ಊಹಿಸಿರಲಿಲ್ಲ. 1991ರಲ್ಲಿ ಥಿಯೇಟರ್‌ಗೆ ಬಂದ ಪ್ರತಿಯ ಕೊನೆಯಲ್ಲಿ, 1979ರ ಸಂಸತ್ ಸಮಿತಿಯ ಕಡತಗಳನ್ನು 2029ರ ತನಕ ತೆರೆಯುವಂತಿಲ್ಲ ಎಂಬ ಸಾಲು ಇತ್ತು. ಜನ ಥಿಯೇಟರ್‌ನಿಂದ ಆ ಸಂಖ್ಯೆಯನ್ನು ಮನೆಗೆ ತೆಗೆದುಕೊಂಡು ಹೋದರು. ಒಬ್ಬನೇ ಮಾಡಿದ್ದಾದರೆ ಮುಚ್ಚಿಡುವುದು ಯಾಕೆ ಎಂದು ತಮ್ಮ ಸಂಸದರನ್ನು ಕೇಳಿದರು. 1992ರ ಅಕ್ಟೋಬರ್ 26ರಂದು ಅಧ್ಯಕ್ಷ ಜಾರ್ಜ್ ಬುಷ್ ಕೆನಡಿ ಕೊಲೆಯ ದಾಖಲೆಗಳ ಕಾಯ್ದೆಗೆ ಸಹಿ ಹಾಕಿದರು. ಅದರಂತೆ ಬಂದ ಪರಿಶೀಲನಾ ಮಂಡಳಿ 1998ರ ತನಕ ಕೆಲಸ ಮಾಡಿತು. ತಮ್ಮ ಹುಟ್ಟಿಗೆ ಈ ಸಿನಿಮಾ ಎಬ್ಬಿಸಿದ ಚರ್ಚೆಯೂ ಕಾರಣ ಎಂದು ಮಂಡಳಿ ತನ್ನ ವರದಿಯಲ್ಲೇ ಹೇಳಿತು. ಈಗ ಮೇರಿಲ್ಯಾಂಡ್‌ನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ 50 ಲಕ್ಷಕ್ಕೂ ಹೆಚ್ಚು ಪುಟಗಳಿವೆ. ಕೊನೆಯ ಗಡುವು 2017 ಅಂತ ಇತ್ತು, ಅಧ್ಯಕ್ಷರು ಮುಂದೂಡುತ್ತಾ ಹೋದರು, 2025ರ ಮಾರ್ಚ್‌ನಲ್ಲಿ ಇನ್ನೊಂದು ದೊಡ್ಡ ಕಂತು ಹೊರಬಂತು.

ಆ ಕಡತಗಳಲ್ಲಿ ಎರಡನೇ ಬಂದೂಕಿನವನ ಹೆಸರು ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಕೊಲೆಗೆ ಮುಂಚೆ ಆಸ್ವಾಲ್ಡ್ ಮೆಕ್ಸಿಕೋ ನಗರಕ್ಕೆ ಹೋಗಿದ್ದಾಗ ಸಿಐಎ ಅಲ್ಲಿನ ರಾಯಭಾರ ಕಚೇರಿಗಳ ಫೋನುಗಳನ್ನು ಹೇಗೆ ಕದ್ದು ಕೇಳುತ್ತಿತ್ತು, ಕ್ಯೂಬಾದ ವಿರುದ್ಧ ಏನೇನು ನಡೆಸಿತ್ತು, ವಾರೆನ್ ಆಯೋಗಕ್ಕೆ ಏನನ್ನು ಹೇಳದೆ ಉಳಿಸಿಕೊಂಡಿತು, ಇಂಥವು. ಕ್ಯಾನ್‌ಬಿ, ಲಾರ್ಡ್ನರ್, ಕ್ರಾಂಕೈಟ್ ಇವರೆಲ್ಲ ಚಿತ್ರದ ಉತ್ತರಗಳ ಬಗ್ಗೆ ಆಡಿದ ಮಾತು ಹೆಚ್ಚಿನಂಶ ನಿಂತಿದೆ. ಏನನ್ನೋ ಮುಚ್ಚಿಟ್ಟಿದ್ದಾರೆ ಎಂಬ ಜನರ ಅನಿಸಿಕೆಯೂ ನಿಂತಿದೆ. ನಾನು ಹೋದ ತಿಂಗಳು ಆ ಹಳೆಯ ಚಿತ್ರವನ್ನು ಅಣ್ಣನ ಮಗಳ ಜೊತೆ ಮತ್ತೆ ನೋಡಿದೆ. ಗುಂಡಿನ ದೃಶ್ಯದಲ್ಲಿ ಅವಳೂ ನಕ್ಕಳು. ನಾನು ಚಿತ್ರ ನಿಲ್ಲಿಸಿ, ಒಂದು ಕಾಗದ ತೆಗೆದು, ಎರಡು ಚೌಕ ಬರೆದೆ.